ಚಂದ್ರಿಯ ಹನ್ನೊಂದನೇ ವಾರ: ಸವಾರಿ ಮಗಳದು

ಹನ್ನೊಂದು ವಾರದ ಹಿಂದೆ ಮನೆಗೆ ತಂದ ನಮ್ಮ ಕುದುರೆ ಚಂದ್ರಿಯನ್ನು ಭಾನುವಾರ ಹೊಲಿಗೆ ಟೇಪು ಹಿಡಿದು ಮತ್ತೆ ಅಳೆದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತ ಹಾಕಿದರೆ ಟೇಪಿನ ಎರಡು ತುದಿಗಳು ಸರಿಯಾಗಿ ಕೂಡಿದವು: 150 ಸೆಂಟಿಮೀಟರ್. ಮನೆಗೆ ಬಂದ ದಿನ 146 ಇತ್ತು. ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ 140. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಸುಮಾರಾಗಿ ಸಿಗುತ್ತದೆ. 251 ಕಿಲೋ ಇದ್ದವಳು ಈಗ 265.

ಈ ಲೆಕ್ಕದಿಂದ ಅವಳ ಮೇಲೆ ಸವಾರಿ ಮಾಡುವ ನನ್ನ ಆಸೆ ಮುಗಿಯಿತು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದು ಎಂಬುದು ತಿಳಿದವರ ಕಟ್ಟು. ಚಂದ್ರಿಗೆ ಅದು 53 ಕಿಲೋ. ನಾನೊಬ್ಬನೇ 68. ಮೇಯಿಸಿ ಇನ್ನೂ ದಪ್ಪ ಮಾಡಿದರೆ ಲೆಕ್ಕ ಮೇಲೇರುತ್ತದೆ, ನಿಜ. ಆದರೆ ಕೊಬ್ಬು ಬೆಳೆದರೆ ಬೆನ್ನಿನ ಬಲ ಬೆಳೆದಂತೆ ಆಗುವುದಿಲ್ಲ. ಮೆರವಣಿಗೆಗಳಲ್ಲಿ ವರ್ಷಗಟ್ಟಲೆ ಭಾರ ಹೊತ್ತ ಬೆನ್ನು ಅದು. ಹದಿಮೂರರ ಮಗಳು 36 ಕಿಲೋ ಇದ್ದಾಳೆ, ಜೀನು 7. ಅವಳೇ ಹತ್ತಲಿ ಎಂದು ತೀರ್ಮಾನಿಸಿದೆ. ಬೇಸರವಾಯಿತು, ಎರಡು ದಿನ ಇತ್ತು.

ಈ ವಾರಗಳಲ್ಲಿ ಹೆಚ್ಚು ಸಮಯ ಕೊಟ್ಟಿದ್ದು ಗೊರಸಿಗೆ. ಬಂದಾಗ ಹಿಂಗಾಲುಗಳ ಗೊರಸಿನ ಅಡಿಯ ತ್ರಿಕೋನದ ಮೆತ್ತೆಯ ಪಕ್ಕದ ಸೀಳುಗಳಿಂದ ಕಪ್ಪು ಕೀವು ಒಸರುತ್ತಿತ್ತು, ಕೊಳೆತ ವಾಸನೆ. ಗಂಜಲದಲ್ಲಿ ನೆನೆದ ನೆಲದ ಮೇಲೆ ನಿಂತೇ ಇರುವ ಕುದುರೆಗಳಿಗೆ ಇದು ಬರುತ್ತದೆ. ಲಾಯಕ್ಕೆ ಹೊಸ ಮಣ್ಣು ಹಾಕಿ ಎತ್ತರಿಸಿ, ಇಳಿಜಾರು ಮಾಡಿದೆ. ದಿನಕ್ಕೆರಡು ಸಲ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ಕೆರೆದು, ಒಣಗಿಸಿ, ಪಶುವೈದ್ಯರು ಕೊಟ್ಟ ಔಷಧ ಹಚ್ಚಿದೆ. ಗಾಯದಿಂದ ಧನುರ್ವಾಯು ಕುದುರೆಗಳಿಗೆ ಬಹಳ ಬೇಗ ತಗಲುವುದರಿಂದ ಚುಚ್ಚುಮದ್ದನ್ನೂ ಹಾಕಿಸಿದೆವು. ಈಗ ವಾಸನೆ ಇಲ್ಲ. ಹೋದ ವಾರ ಲಾಳ ಕಟ್ಟುವ ಅಜ್ಜ ಬಂದು ಗೊರಸು ಹೆರೆದರು. “ಈ ಕಲ್ಲುನೆಲಕ್ಕೆ ಲಾಳ ಬೇಕೇ ಅಜ್ಜಾರೇ?” ಎಂದು ಕೇಳಿದೆ. “ಹೊಲದಲ್ಲೇ ನಡೆದರೆ ಈಗ ಬೇಡ ತಮ್ಮಾ, ಮೊದಲು ಗೊರಸು ಗಟ್ಟಿಯಾಗಲಿ. ಆರೇಳು ವಾರಕ್ಕೆ ಕರೆ” ಎಂದರು.

ನಾಲ್ಕನೇ ವಾರದ ರಾತ್ರಿಯನ್ನು ಬರೆಯದೆ ಬಿಡಲಾರೆ. ಹುಲ್ಲು ಮುಗಿದಿತ್ತು, ಒಂದೇ ದಿನದಲ್ಲಿ ಶೇಂಗಾ ಬಳ್ಳಿಗೆ ಬದಲಿಸಿದೆ. ಸಂಜೆಗೆ ಚಂದ್ರಿ ಹೊಟ್ಟೆನೋವಿನಿಂದ ಕಾಲು ಕೆರೆಯುತ್ತ, ತಿರುಗಿ ತಿರುಗಿ ಪಕ್ಕೆ ನೋಡುತ್ತ, ಮಲಗಿ ಹೊರಳತೊಡಗಿದಳು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕಾದ ನಾಡಿ 60 ದಾಟಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆಯಲ್ಲಿ ಕೂಡಿದ್ದು ಬಾಯಿಂದ ಹೊರಗೆ ಬರುವ ದಾರಿಯೇ ಇಲ್ಲ. ವೈದ್ಯರು ಬರುವವರೆಗೆ ಮೇವು ತೆಗೆದು ನಿಧಾನವಾಗಿ ನಡೆಸಿದೆ. ಬೆಳಗಿನ ಜಾವ ಲದ್ದಿ ಹಾಕಿದಾಗ ಮನೆಯವರೆಲ್ಲ ಲಾಯದಲ್ಲೇ ಇದ್ದೆವು. ಅಂದಿನಿಂದ ಮೇವು ಬದಲಿಸಬೇಕಾದರೆ ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವೇ ಬೆರೆಸುತ್ತೇನೆ, ಬೂಷ್ಟು ವಾಸನೆಯ ಬಳ್ಳಿಯನ್ನು ಮುಟ್ಟಿಸುವುದೇ ಇಲ್ಲ. ದಿನಕ್ಕೆ ಐದು ಕಿಲೋಗಿಂತ ಸ್ವಲ್ಪ ಹೆಚ್ಚು ಒಣಮೇವು, ನಾಲ್ಕು ಹೊತ್ತಿಗೆ ಹಂಚಿ. ಬೇಯಿಸಿದ ಹುರುಳಿ ಒಂದು ಹಿಡಿ ಮಾತ್ರ.

ತರಬೇತಿಯಲ್ಲಿ ದೊಡ್ಡ ತೊಡಕು ಬಂದದ್ದು ಗಾಳಿಯಂತ್ರದಿಂದ. ಚಿತ್ರದುರ್ಗದ ನಮ್ಮ ಕಡೆಯ ಗುಡ್ಡಗಳ ಮೇಲೆ ಸಾಲುಸಾಲಾಗಿ ಅವಿವೆ. ಬಿಸಿಲು ಬಾಗಿದಾಗ ರೆಕ್ಕೆಗಳ ನೆರಳು ಹೊಲದ ಅಂಚಿನಲ್ಲಿ ಬೀಸಿ ಬೀಸಿ ಹೋಗುತ್ತದೆ. ನಮಗೆ ಕಣ್ಣಿಗೂ ಬೀಳದ ಆ ನೆರಳು ಅವಳಿಗೆ ಮೈಮೇಲೆ ಬರುವ ಮೃಗ. ಹಗ್ಗ ಎಳೆದು ದಾಟಿಸಲು ಹೋಗಲಿಲ್ಲ. ಕಿವಿ ನೆಟ್ಟಗಾಗುವ ಜಾಗದಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ ಉಸಿರು ಬಿಟ್ಟ ಕ್ಷಣವೇ ಹಿಂದಕ್ಕೆ ಕರೆದುಕೊಂಡು ಬರುತ್ತಿದ್ದೆ. ಮರುದಿನ ಎರಡು ಹೆಜ್ಜೆ ಮುಂದೆ. ಹದಿನಾರು ಸಂಜೆ ಹಿಡಿಯಿತು. ಈಗ ನೆರಳು ಬೆನ್ನ ಮೇಲೆ ಹಾದುಹೋದರೂ ಮೇಯುತ್ತಾಳೆ. ಈ ಹನ್ನೊಂದು ವಾರಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಅದೇ.

ಬುಧವಾರ ಮಗಳು ಮೊದಲ ಸಲ ಹತ್ತಿದಳು. ಜೀನಿನ ಹೊಟ್ಟೆಪಟ್ಟಿಯನ್ನು ಒಮ್ಮೆಲೇ ಬಿಗಿಯದೆ ಮೂರು ಸಲಕ್ಕೆ ಬಿಗಿದೆವು, ನಡುನಡುವೆ ನಾಲ್ಕು ಹೆಜ್ಜೆ ನಡೆಸಿ. ಎಡಗಾಲು ರಿಕಾಪಿನಲ್ಲಿಟ್ಟು, ಬೆನ್ನಿಗೆ ಜಗ್ಗದಂತೆ ಕಟ್ಟೆಯ ಮೇಲಿಂದ ಹತ್ತಿಸಿದೆ. ಹಗ್ಗ ನನ್ನ ಕೈಯಲ್ಲಿತ್ತು. ಹತ್ತು ನಿಮಿಷ ಬರೀ ನಡಿಗೆ, ಎರಡು ಸಲ ನಿಲ್ಲಿಸಿದ್ದು. “ಅಪ್ಪಾ, ನಾನು ಉಸಿರು ಬಿಟ್ಟರೆ ಅವಳೂ ಬಿಡುತ್ತಾಳೆ” ಎಂದಳು. ಇಳಿದವಳು ನಾನು ಹೇಳುವ ಮೊದಲೇ ಪಟ್ಟಿ ಸಡಿಲಿಸಿ, ಜೀನು ತೆಗೆದು, ಬೆನ್ನಿನ ಎರಡೂ ಕಡೆ ಅಂಗೈ ಆಡಿಸಿ ನೋಡಿದಳು. ಬಿಸಿಯೂ ಇಲ್ಲ, ಕೂದಲು ಉಜ್ಜಿದ ಗುರುತೂ ಇಲ್ಲ.

ಮುಂದಿನ ವಾರಗಳಲ್ಲೂ ನಡಿಗೆಯೇ. ನಡಿಗೆಗಿಂತ ತುಸು ವೇಗದ ಕುಕ್ಕುಲೋಟವೇನಿದ್ದರೂ ಗೊರಸನ್ನು ಇನ್ನೊಮ್ಮೆ ಹೆರೆದ ಮೇಲೆ.