ಬ್ಯಾಲೆನ್ಸ್ ಬರತೈತೇನ್ರಿ?

ಹುಬ್ಬಳ್ಳಿ, ವಿಜಯಪುರ, ಚಿತ್ರದುರ್ಗದ ಕಡೆಯಿಂದ ಮಾಲು ತಂದು ನವಿ ಮುಂಬೈಯಲ್ಲಿ ಇಳಿಸಿ, ವಾಪಸ್ ಲೋಡಿಗಾಗಿ ಕಳಂಬೋಲಿಯಲ್ಲೋ ಭಿವಂಡಿಯಲ್ಲೋ ಕಾಯುವ ನಮ್ಮ ಡ್ರೈವರುಗಳು ಕೇಳುವುದು ಇದೊಂದೇ: “ಅಣ್ಣಾರ, ಈ ಬ್ರೋಕರ್ ಕಡೆ ಲೋಡ್ ತುಂಬಿದ್ರ ಬ್ಯಾಲೆನ್ಸ್ ಬರತೈತೇನ್ರಿ?” ಊರಲ್ಲಿ ಕೂತ ಗಾಡಿ ಮಾಲೀಕರು ಫೋನ್ ಮಾಡಿ ಕೇಳುವುದೂ ಅದನ್ನೇ. ಬ್ರೋಕರ್ ಅಂದರೆ ಲೋಡ್ ಕೊಡಿಸುವ ಮಧ್ಯವರ್ತಿ, ಬ್ಯಾಲೆನ್ಸ್ ಅಂದರೆ ಅಡ್ವಾನ್ಸ್ ಕಳೆದು ಮಾಲು ಇಳಿಸಿದ ಮೇಲೆ ಬರಬೇಕಾದ ಉಳಿದ ಬಾಡಿಗೆ.

ಬ್ರೋಕರ್ ಮನುಷ್ಯ ಹೇಗೆ ಎಂಬುದು ಆಮೇಲಿನ ಮಾತು. ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವ ಮೊದಲು ನಿಮ್ಮ ಕೈಯಲ್ಲಿ ಏನೇನು ಬರಹದಲ್ಲಿದೆ ಎಂಬುದು ಮೊದಲ ಮಾತು. ಬ್ಯಾಲೆನ್ಸನ್ನು ಪೂರ್ತಿ ನುಂಗಿ ಓಡಿಹೋಗುವ ಬ್ರೋಕರ್ ಅಪರೂಪ. ಶಾರ್ಟೇಜ್ (ಮಾಲಿನ ತೂಕ ಕಡಿಮೆ ಬಂತು) ಅಂತ ಒಂದಿಷ್ಟು, ತಡವಾಯಿತು ಅಂತ ಒಂದಿಷ್ಟು, ಪಿಒಡಿ (ಮಾಲು ಮುಟ್ಟಿದ್ದಕ್ಕೆ ಸಹಿ, ಸೀಲು ಹಾಕಿದ ಕಾಗದ) ಬರಲಿಲ್ಲ ಅಂತ ಉಳಿದದ್ದು, ಹೀಗೆ ಇಲಿ ಕಡಿದಂತೆ ಹೋಗುವುದೇ ಹೆಚ್ಚು. ಪ್ರತಿಯೊಂದು ಕಡಿತಕ್ಕೂ ಅದನ್ನು ತಡೆಯುವ ಒಂದು ಕಾಗದ ಉಂಟು.

ಲೆಕ್ಕಕ್ಕೆ ಒಂದು ಟ್ರಿಪ್ ಹಿಡಿಯೋಣ. ಕಳಂಬೋಲಿ ಸ್ಟೀಲ್ ಮಾರ್ಕೆಟ್‌ನಿಂದ ಹುಬ್ಬಳ್ಳಿಗೆ ಹತ್ತು ಚಕ್ರದ ಗಾಡಿ, 18 ಟನ್ ಟಿಎಂಟಿ (ಕಟ್ಟಡಕ್ಕೆ ಹಾಕುವ ಉಕ್ಕಿನ) ಸರಳು, ಸುಮಾರು 550 ಕಿಲೋಮೀಟರ್. ಟನ್ನಿಗೆ 1,600 ಅಂದರೆ ಬಾಡಿಗೆ 28,800 ರೂಪಾಯಿ. ಎಂಬತ್ತು ಪರ್ಸೆಂಟ್ ಅಡ್ವಾನ್ಸ್, ಅಂದರೆ 23,040. ಬ್ಯಾಲೆನ್ಸ್ 5,760. ಲೋಡಿನಲ್ಲಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ ಡೀಸೆಲ್ 138 ಲೀಟರ್. 90ರ ದರ ಹಿಡಿದರೂ ಹನ್ನೆರಡು ಸಾವಿರ ದಾಟುತ್ತದೆ. ಟೋಲ್, ಡ್ರೈವರ್ ಬಾಟಾ, ಟೈರು, ಕಂತು ಎಲ್ಲ ಕಳೆದರೆ ಮಾಲೀಕನ ಪಾಲಿಗೆ ಉಳಿಯುವುದು ಹೆಚ್ಚುಕಡಿಮೆ ಆ ಬ್ಯಾಲೆನ್ಸೇ. ಅದಕ್ಕೇ ಅದರ ಮೇಲೆ ಇಷ್ಟು ಜೀವ.

ಈಗ ಶಾರ್ಟೇಜ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಕಳ್ಳತನವೇ ಇಲ್ಲದೆ ಕಳ್ಳನ ಪಟ್ಟ ಕಟ್ಟುವುದು ಇದೇ.

ಗಾಡಿ ತೂಗುವ ಕಾಟಾ ಮೇಲೆ ಖಾಲಿ ಗಾಡಿ ಹತ್ತುತ್ತದೆ, ಟ್ಯಾಂಕು ತಳ ಕಂಡಿದೆ. ತೂಕ ಆಯಿತು. ಸರದಿ ಬರುವುದಕ್ಕೆ ತಡವಿದೆ ಅಂತ ಡ್ರೈವರ್ ಪಕ್ಕದ ಪಂಪಿಗೆ ಹೋಗಿ ಬ್ರೋಕರ್ ಕೊಟ್ಟ ಡೀಸೆಲ್ ಚೀಟಿಯಲ್ಲಿ 250 ಲೀಟರ್ ಡೀಸೆಲ್ ತುಂಬಿಸಿಕೊಂಡು ಬರುತ್ತಾನೆ. ಡೀಸೆಲ್ ಲೀಟರಿಗೆ ಸುಮಾರು 0.83 ಕಿಲೋ. 250 ಲೀಟರ್ ಅಂದರೆ 207 ಕಿಲೋ. ಲೋಡ್ ಆಗಿ ಮತ್ತೆ ಕಾಟಾ ಹತ್ತಿದಾಗ ಈ 207 ಕಿಲೋ ಕಾಟಾ ಸ್ಲಿಪ್ಪಿನಲ್ಲಿ ಸರಳಿನ ತೂಕವಾಗಿ ಕೂರುತ್ತದೆ. ಹುಬ್ಬಳ್ಳಿಯಲ್ಲಿ ಲೋಡ್ ತೂಕ, ಇಳಿಸಿದ ಮೇಲಿನ ಖಾಲಿ ತೂಕ ಎರಡೂ ಒಂದೇ ಟ್ಯಾಂಕಿನಲ್ಲಿ ಆಗುತ್ತವೆ, ಸರಳಿನ ನಿಜವಾದ ತೂಕ ಬರುತ್ತದೆ. ವ್ಯತ್ಯಾಸ 207 ಕಿಲೋ. ಕಿಲೋಗೆ 55 ಹಿಡಿದರೆ 11,385 ರೂಪಾಯಿ. ಬ್ಯಾಲೆನ್ಸ್ ಇದ್ದದ್ದು 5,760. ಡ್ರೈವರ್ ಒಂದು ಸರಳನ್ನೂ ಮುಟ್ಟಿಲ್ಲ, ಆದರೂ ಎದುರು 5,625 ಸಾಲ.

ಮಳೆಗಾಲದಲ್ಲಿ ತಾಡಪತ್ರಿ ಇದೇ ಆಟ ಆಡುತ್ತದೆ. ಖಾಲಿ ತೂಕಕ್ಕೆ ಒಣಗಿದ್ದು, ಲೋಡ್ ತೂಕಕ್ಕೆ ನೆನೆದದ್ದು. ಕ್ಲೀನರ್ ಒಮ್ಮೆ ಕ್ಯಾಬಿನ್ನಿನಲ್ಲಿ, ಒಮ್ಮೆ ಚಹಾದಂಗಡಿಯಲ್ಲಿ.

ಹಾಗಾಗಿ ಡೀಸೆಲ್ ಒಂದೋ ಖಾಲಿ ತೂಕಕ್ಕೆ ಮೊದಲೇ ತುಂಬಿಸಿ, ಇಲ್ಲವೇ ಲೋಡ್ ತೂಕ ಮುಗಿದ ಮೇಲೆ. ಎರಡು ತೂಕದ ನಡುವೆ ಬೇಡವೇ ಬೇಡ. ಎರಡೂ ಸಲ ಜನ ಇಳಿದಿರಲಿ. ಸ್ಲಿಪ್ಪಿನ ಖಾಲಿ ತೂಕವನ್ನು ಆರ್‌ಸಿಯಲ್ಲಿರುವ ಖಾಲಿ ತೂಕದ ಜೊತೆ ಹೋಲಿಸಿ. ಐನೂರು ಕಿಲೋ ಎತ್ತಲೋ ಸರಿದಿದ್ದರೆ ಕಾರಣ ಅಲ್ಲೇ ಕೇಳಿ. ಘಾಟ್ ಹತ್ತುವ ಮೊದಲು ಹೊರಗಿನ ಬೇರೆ ಕಾಟಾದಲ್ಲಿ ಇನ್ನೊಮ್ಮೆ ಲೋಡ್ ತೂಕ ಮಾಡಿಸಿ ಸ್ಲಿಪ್ಪಿನ ಫೋಟೋ ಬ್ರೋಕರಿಗೆ ಕಳಿಸಿ. ದೊಡ್ಡ ಕಾಟಾಗಳು 10 ಅಥವಾ 20 ಕಿಲೋ ಮೆಟ್ಟಿಲಿನಲ್ಲಿ ತೋರಿಸುತ್ತವೆ. ಅಷ್ಟು ಹೆಚ್ಚುಕಡಿಮೆ ಯಂತ್ರದ್ದೇ, ಡ್ರೈವರಿನದಲ್ಲ. ಎಷ್ಟು ಕಿಲೋವರೆಗೆ ಕಡಿತವಿಲ್ಲ ಎಂಬುದನ್ನು ಲೋಡಿಗೆ ಮೊದಲೇ ಬರೆಸಿಕೊಳ್ಳಿ.

ಬರೆಸಿಕೊಳ್ಳುವುದು ಎಲ್ಲಿ? ಬಹಳ ಜನ ತಪ್ಪುವುದು ಇಲ್ಲೇ. ಎಲ್‌ಆರ್ ಕೈಯಲ್ಲಿದೆಯಲ್ಲ ಅನ್ನುತ್ತಾರೆ. ಎಲ್‌ಆರ್, ಅಂದರೆ ಬಿಲ್ಟಿ, ಮಾಲು ಕಳಿಸುವವನಿಗೂ ಟ್ರಾನ್ಸ್‌ಪೋರ್ಟಿಗೂ ನಡುವಿನ ಕಾಗದ. ಅದರಲ್ಲಿ ಬಾಡಿಗೆಯ ಜಾಗದಲ್ಲಿ ಎಷ್ಟೋ ಸಲ ‘ಟಿಬಿಬಿ’ ಎಂದಷ್ಟೇ ಇರುತ್ತದೆ. ಬಿಲ್ ಆಮೇಲೆ ಮಾಡುತ್ತೇವೆ ಎಂದು ಅರ್ಥ. ನಿಮ್ಮ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎನ್ನುವುದಕ್ಕೆ ಅದು ಸಾಕ್ಷಿಯಾಗದು. ಅದಕ್ಕೆ ಬೇಕಾದದ್ದು ಹೈರ್ ಚಲನ್, ಅಂದರೆ ಗಾಡಿ ಬಾಡಿಗೆಗೆ ಹಿಡಿದದ್ದರ ಕರಾರು ಚೀಟಿ. ಬ್ರೋಕರ್ ಚಲನ್ ಕೊಡದಿದ್ದರೆ ನೀವೇ ಒಂದು ವಾಟ್ಸಾಪ್ ಕಳಿಸಿ: “ಗಾಡಿ ಕೆಎ 25, ಕಳಂಬೋಲಿಯಿಂದ ಹುಬ್ಬಳ್ಳಿ ಗಾಮನಗಟ್ಟಿ. ಟಿಎಂಟಿ 18 ಟನ್, ಟನ್ನಿಗೆ 1,600. ಅಡ್ವಾನ್ಸ್ 23,040 ಗೇಟ್ ಬಿಡುವ ಮೊದಲು. ಬ್ಯಾಲೆನ್ಸ್ 5,760 ಪಿಒಡಿ ಸಿಕ್ಕ 7 ದಿನಕ್ಕೆ. ಹಮಾಲಿ ಪಾರ್ಟಿಯದು. 24 ತಾಸು ದಾಟಿದರೆ ದಿನಕ್ಕೆ 2,000 ಹಾಲ್ಟಿಂಗ್. 40 ಕಿಲೋವರೆಗೆ ಶಾರ್ಟೇಜ್ ಕಡಿತ ಇಲ್ಲ.” ಪಾರ್ಟಿ ಅಂದರೆ ಮಾಲಿನ ಯಜಮಾನ, ಹಮಾಲಿ ಅಂದರೆ ಮಾಲು ಹೇರಿ ಇಳಿಸುವ ಕೂಲಿ, ಹಾಲ್ಟಿಂಗ್ ಅಂದರೆ ಗಾಡಿ ಕಾದು ನಿಂತದ್ದಕ್ಕೆ ಹಣ. ಗಾಡಿಯ ಪೂರ್ತಿ ನಂಬರ್ ಹಾಕಿ, ಅಂಕಿ ಏನೇ ಇರಲಿ, ಇಷ್ಟು ಬಾಬತ್ತು ಇರಲಿ. ಅವನಿಂದ ‘ಓಕೆ’ ಬಂದ ಮೇಲೆ ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ಹಚ್ಚಿ. ಅವನು ಹಿಂದಿಯವನೋ ಮರಾಠಿಯವನೋ ಆದರೆ ಅವನ ಭಾಷೆಯಲ್ಲೇ ಕಳಿಸಿ. ಅರ್ಥವಾಗಲಿಲ್ಲ ಅನ್ನಲು ಜಾಗ ಇರಬಾರದು.

ಹಮಾಲಿ ಮಾತು ಮೊದಲೇ ಆಗದಿದ್ದರೆ ಜಗಳ ತಪ್ಪದು. ‘ಜಿಸ್ಕಾ ಮಾಲ್ ಉಸ್ಕಾ ಹಮಾಲ್’ ಅಂತ ಲಾರಿ ಸಂಘಗಳು ವರ್ಷಗಳಿಂದ ಕೂಗುತ್ತಲೇ ಇವೆ. ಆದರೂ ಲೋಡಿಂಗ್ ಜಾಗದಲ್ಲಿ ವಾರಾಯಿ (ಹಮಾಲರು ಕೇಳುವ ದುಡ್ಡು) ಅಂತ ಕೈ ಚಾಚುವುದು ಡ್ರೈವರ್ ಮುಂದೆಯೇ. ಕೊಡಬೇಕಾಗಿ ಬಂದರೆ ಕೊಡುವ ಮೊದಲು ಬ್ರೋಕರಿಗೆ ಫೋನ್ ಹಚ್ಚಿ, ಕೊಟ್ಟ ಮೇಲೆ ಮೊತ್ತವನ್ನು ಅದೇ ವಾಟ್ಸಾಪಿಗೆ ಸೇರಿಸಿ. ಹಾಲ್ಟಿಂಗಿಗೂ ಅಷ್ಟೇ: ಗೇಟಿನ ರಿಜಿಸ್ಟರಿನಲ್ಲಿ ನಿಮ್ಮ ಗಾಡಿ ನಂಬರ್, ಹೊತ್ತು ಬರೆದ ಸಾಲಿನ ಫೋಟೋ ಬೇಕು. ಬಾಯಿಮಾತಿನ ‘ಮೂರು ದಿನ ನಿಂತೆ’ ನಡೆಯುವುದಿಲ್ಲ.

“ಎರಡು ಟನ್ ಜಾಸ್ತಿ ಹಾಕ್ಕೊಳ್ಳಿ, ನಾನ್ ನೋಡ್ಕೋತೀನಿ” ಅಂದರೆ ಕೈ ಮುಗಿಯಿರಿ. ಎರಡು ಟನ್ನಿಗೆ ಸಿಗುವುದು 3,200. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000, ಜೊತೆಗೆ ಹೆಚ್ಚುವರಿ ಟನ್ನಿಗೆ 2,000ದಂತೆ 4,000. ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ. ಆ ಹೊತ್ತಿಗೆ ಬ್ರೋಕರ್ ಫೋನ್ ಎತ್ತಿದರೆ ನಿಮ್ಮ ಪುಣ್ಯ.

ಇ-ವೇ ಬಿಲ್ಲಿನಲ್ಲಿ, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದದಲ್ಲಿ, ಎರಡೇ ನೋಡಿ. ಪಾರ್ಟ್ ಬಿಯಲ್ಲಿರುವ ನಂಬರ್ ನಿಮ್ಮ ಗಾಡಿಯದೇ? ಅವಧಿ ಎಂದಿನವರೆಗೆ? ಪ್ರತಿ 200 ಕಿಲೋಮೀಟರಿಗೆ ಒಂದು ದಿನ, ಹಾಗಾಗಿ 550ಕ್ಕೆ ಮೂರು ದಿನ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆವರೆಗೆ ವಿಸ್ತರಿಸಬಹುದು. ಕರಾಡ್ ಹತ್ತಿರ ಎಕ್ಸೆಲ್ ಮುರಿದು ಕೂತವರು ಮೆಕ್ಯಾನಿಕ್‌ಗೆ ಫೋನ್ ಮಾಡಿದ ಕೂಡಲೇ ಬ್ರೋಕರಿಗೂ ಮಾಡಬೇಕಾದದ್ದು ಇದಕ್ಕೇ.

ಗುರುತಿಲ್ಲದ ಬ್ರೋಕರ್ ಆದರೆ ಜಿಎಸ್‌ಟಿ ನಂಬರ್ ಕೇಳಿ. ಹದಿನೈದು ಅಕ್ಷರ, ಮೊದಲೆರಡು ರಾಜ್ಯದ್ದು, ಮಹಾರಾಷ್ಟ್ರ 27, ಕರ್ನಾಟಕ 29, ಗೋವಾ 30. ಮುಂದಿನ ಹತ್ತು ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು: ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ. ಎಲ್‌ಆರ್ ಒಬ್ಬರ ಹೆಸರಲ್ಲಿ, ಅಡ್ವಾನ್ಸ್ ಇನ್ನೊಬ್ಬರ ಯುಪಿಐಯಿಂದ, ಫೋನ್ ಮೂರನೆಯವನದು ಅಂದರೆ ಲೋಡ್ ಮೂರು ಕೈ ದಾಟಿ ಬಂದಿದೆ ಎಂದು ತಿಳಿಯಿರಿ. ಹಾಗೆಂದು ಬಿಡಲೇಬೇಕೆಂದಿಲ್ಲ, ಆದರೆ ಬ್ಯಾಲೆನ್ಸ್ ಕೊಡುವವನು ಯಾರು ಎಂದು ಒಬ್ಬನ ಬಾಯಿಂದ ಹೊರಡಿಸಿ, ಅಡ್ವಾನ್ಸನ್ನು ತೊಂಬತ್ತಕ್ಕೆ ಏರಿಸಿ. ಲೋಡ್ ಕೊಡಲು ‘ನೋಂದಣಿ ಶುಲ್ಕ’, ‘ಗೇಟ್ ಪಾಸ್ ಡಿಪಾಸಿಟ್’ ಅಂತ ನಿಮ್ಮಿಂದಲೇ ದುಡ್ಡು ಕೇಳುವವನು ಬ್ರೋಕರೇ ಅಲ್ಲ.

ಬ್ರೋಕರ್ ಪರವಾಗಿಯೂ ಎರಡು ಮಾತು ಬೇಕು. ಅಡ್ವಾನ್ಸ್ ಅವನು ಇವತ್ತು ಕೈಯಿಂದ ಹಾಕುತ್ತಾನೆ, ಪಾರ್ಟಿಯಿಂದ ಅವನಿಗೆ ಬರುವುದು ತಿಂಗಳೋ ಎರಡು ತಿಂಗಳೋ ಕಳೆದು. ಅದೂ ಮೂಲ ಪಿಒಡಿ ಬಿಲ್ಲಿಗೆ ಲಗತ್ತಾದರೆ ಮಾತ್ರ. ಪಿಒಡಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಬಿಸಾಕಿ ಮುಂದಿನ ಲೋಡಿಗೆ ಹೊರಟವನು ಬ್ಯಾಲೆನ್ಸ್ ತಡ ಅಂತ ಬೈಯುವಂತಿಲ್ಲ. ಇಳಿಸಿದ ಜಾಗದಲ್ಲೇ ಸೀಲು, ಸಹಿ, ತಾರೀಖು, ಇಳಿಸಿಕೊಂಡ ತೂಕ ಹಾಕಿಸಿ. ಎರಡೂ ಬದಿಯ ಫೋಟೋ ಅಂದೇ ಕಳಿಸಿ. ಮೂಲ ಪ್ರತಿಯನ್ನು ಸ್ಪೀಡ್ ಪೋಸ್ಟ್ ಮಾಡಿ. ಯಾವುದೋ ಡ್ರೈವರ್ ಕೈಗೆ ಕೊಟ್ಟು ಕಳಿಸಬೇಡಿ. ಅಲ್ಲಿಯವರು ಶಾರ್ಟೇಜ್ ಎಂದು ಬರೆದರೆ ಸುಮ್ಮನೆ ಬರಬೇಡಿ, ಅದರ ಕೆಳಗೇ ನಿಮ್ಮ ಹೊರಗಿನ ಕಾಟಾ ಸ್ಲಿಪ್ಪಿನ ನಂಬರ್, ತೂಕ ಬರೆಯಿರಿ.

ಲೋಡಿಗೆ ಮೊದಲು ಬ್ರೋಕರ್ ಡ್ರೈವರಿನ ಫೋಟೋ ತೆಗೆದರೆ, ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿದರೆ, ಮಾಲೀಕರಿಗೆ ಫೋನ್ ಮಾಡಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಸುಳ್ಳು ನಂಬರ್ ಪ್ಲೇಟ್ ಹಾಕಿ ಗಾಡಿಗಟ್ಟಲೆ ಸ್ಟೀಲ್ ಹೊಡೆಯುವವರು ಇರುವ ದಂಧೆ ಇದು. ನೋಡಲಿ ಬಿಡಿ. ಏನನ್ನೂ ನೋಡದೆ “ಹಾಕ್ಕೊಂಡು ಹೋಗ್ರಿ” ಅನ್ನುವ ಬ್ರೋಕರ್ ಮೇಲೆ ನನಗೆ ಹೆಚ್ಚು ಅನುಮಾನ.

ಇಷ್ಟಾದರೂ ಹಣ ಬರಲಿಲ್ಲ ಅನ್ನಿ. ಮುಂದಿನ ಸಲ ಅವನದೇ ಲೋಡನ್ನು ದಾರಿಯಲ್ಲಿ ನಿಲ್ಲಿಸಿ “ಹಳೇದು ಕೊಡು, ಆಮೇಲೆ ಮಾಲು” ಅನ್ನುವ ಚಾಳಿ ಕೆಲವರಿಗಿದೆ. ಮಾಲು ಬ್ರೋಕರಿನದಲ್ಲ, ಪಾರ್ಟಿಯದು. ಸಾಗಿಸಲು ಕೊಟ್ಟ ಮಾಲಿನ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ದೂರು ದಾಖಲಾದರೆ ಸ್ಟೇಷನ್ನಿನಲ್ಲಿ ಕೂರುವವನು ಡ್ರೈವರ್, ಊರಲ್ಲಿರುವ ಮಾಲೀಕನಲ್ಲ.

ನೇರ ದಾರಿ ಬೇರೆ ಇದೆ. ಒಂದೇ ಗಾಡಿಯ ಮಾಲೀಕನೂ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಬಹುದು, ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಸೇವೆ ಪಡೆದವರು ಮಾತಾದ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ ಎಷ್ಟೇ ಎಳೆದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಅಲ್ಲಿ ನಿಮಗೆ ಸಾಕ್ಷಿಯಾಗುವುದು ಚಲನ್ ಅಥವಾ ಆ ವಾಟ್ಸಾಪ್, ಎಲ್‌ಆರ್, ಪಿಒಡಿ ಪ್ರತಿ, ಅಡ್ವಾನ್ಸ್ ಬಂದ ಬ್ಯಾಂಕ್ ನಮೂದು. ಹಾಗಾಗಿ ಅಡ್ವಾನ್ಸ್ ನಗದಿನಲ್ಲಿ ತಗೊಂಡವರಿಗೆ ಒಂದು ಸಾಕ್ಷಿ ಕಡಿಮೆ. 5,760ಕ್ಕೆ ಯಾರು ಅರ್ಜಿ ಹಾಕುತ್ತಾರೆ ಅನ್ನಬೇಡಿ, ಒಬ್ಬನೇ ಬ್ರೋಕರಿನ ಐದಾರು ಟ್ರಿಪ್ಪಿನ ಬಾಕಿಯನ್ನು ಕೂಡಿಸಿ ಹಾಕಿ. ಉದ್ಯಮ್ ನೋಂದಣಿಯ ತಾರೀಖು ಮಾತ್ರ ಟ್ರಿಪ್ಪಿನ ತಾರೀಖಿಗಿಂತ ಹಿಂದಿನದಾಗಿರಬೇಕು, ಹಣ ಸಿಕ್ಕಿಹಾಕಿಕೊಂಡ ಮೇಲೆ ಮಾಡಿಸಿದರೆ ಆ ಹಳೇ ಟ್ರಿಪ್ಪಿಗೆ ಅನ್ವಯಿಸುವುದಿಲ್ಲ ಎಂದು ಬ್ರೋಕರ್ ತಕರಾರು ತೆಗೆಯುತ್ತಾನೆ.