ಫಾರ್ಮ್‌ನಲ್ಲಿ ಬರೆದ 80 ಕೆಜಿ

ಶುಕ್ರವಾರ ಬೆಳಿಗ್ಗೆ ಏಳು ಗಂಟೆ. ಶಾರ್ಜಾದ ಅಲ್ ಬದಾಯರ್ ಮರಳುಗುಡ್ಡ. ಗುಡ್ಡದ ಆಚೆಯಿಂದ ಕೇಳುತ್ತಿದ್ದ ರಾಪ್ಟರ್ ಕ್ವಾಡ್ (ನಾಲ್ಕು ಚಕ್ರದ ಬೈಕ್) ಸದ್ದು ಒಮ್ಮೆಲೇ ನಿಂತುಹೋಯಿತು.

ಎರಡು ನಿಮಿಷ ಕಾದಿರಬಹುದು. ಕ್ವಾಡ್ ಹಿಂದೆ ಕಟ್ಟಿದ ಬಾವುಟ ಇಷ್ಟು ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಕಾಣಬೇಕಿತ್ತು. ಕಾಣಲಿಲ್ಲ. "ಅಣ್ಣ, ಗಾಡಿ ಆಫ್ ಮಾಡಿದ್ರಾ, ಬಿದ್ರಾ?" ಅಂತ ನಮ್ಮ ವರ್ಕ್‌ಶಾಪಿನ ಹೆಲ್ಪರ್, ಕಾಸರಗೋಡಿನ ಹುಡುಗ ಕೇಳಿದ. ನನ್ನ ಬಾಯಿಂದ ಮಾತು ಬರಲಿಲ್ಲ. ಇಬ್ಬರೂ ಓಡಿದೆವು. ಮರಳಿನ ಏರು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ಅಷ್ಟು ದೂರ ಓಡುವಾಗಲೂ ನನ್ನ ಕಿವಿಯಲ್ಲಿ ಇದ್ದದ್ದು ಹಿಂದಿನ ದಿನ ಸಂಜೆ ವರ್ಕ್‌ಶಾಪ್‌ನಲ್ಲಿ ಕೇಳಿದ ಒಂದು 'ಟಕ್'.

ನಾನು ಕುಂದಾಪುರದ ಕಡೆಯವನು. ಹನ್ನೊಂದು ವರ್ಷದಿಂದ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ವಾಡ್, ಬಗ್ಗಿ ರಿಪೇರಿ ಮಾಡುತ್ತಿದ್ದೇನೆ. ಡಾಕರ್ ರ‍್ಯಾಲಿ ಅನ್ನುವ ದೊಡ್ಡ ಮರುಭೂಮಿ ರೇಸ್ 2020ರಲ್ಲಿ ಪಕ್ಕದ ಸೌದಿಗೆ ಬಂತಲ್ಲ, ಆಮೇಲೆ ನಮ್ಮಲ್ಲಿಗೆ ಬರುವ ಹುಡುಗರು ಬರೀ ಮರಳಲ್ಲಿ ಆಡುವುದು ಬಿಟ್ಟು ರೇಸ್ ಮಾತು ಶುರು ಮಾಡಿದರು. 2025ರಿಂದ ಡಾಕರ್‌ನಲ್ಲಿ ಕ್ವಾಡ್ ವಿಭಾಗವೇ ಇಲ್ಲ. ಆದರೂ ಇಲ್ಲಿಯ ಹುಡುಗರ ಆಸೆ ಕಮ್ಮಿ ಆಗಿಲ್ಲ.

ಅವತ್ತು ಗುಡ್ಡದ ಆಚೆ ಗಾಡಿ ಓಡಿಸುತ್ತಿದ್ದ ಹುಡುಗ ನಮ್ಮಲ್ಲಿಗೆ ತಂದದ್ದು ರಾಪ್ಟರ್ 700ಆರ್. ಒಳ್ಳೆ ಓಡಿಸುತ್ತಾನೆ. ಪ್ಲಸ್ ಟೂ ಆರ್ಮ್ (ಮುಂದಿನ ಚಕ್ರ ಹಿಡಿಯುವ, ಎರಡು ಇಂಚು ಉದ್ದ ಮಾಡಿದ ತೋಳು) ಬೇಕು, ಮುಂದೆ ಹಿಂದೆ ಹೊಸ ಶಾಕ್ ಅಬ್ಸಾರ್ಬರ್ ಬೇಕು ಅಂದ. ಶಾಕ್ ಸೆಟ್ಟಿಗೇ ಹತ್ತು ಸಾವಿರ ದಿರ್ಹಮ್ ದಾಟುತ್ತದೆ. ಆರ್ಮ್ ಎರಡು ಇಂಚು ಉದ್ದ ಆದರೆ ಗಾಡಿ ಅಗಲ ಆಗುತ್ತದೆ, ತಿರುವಿನಲ್ಲಿ ನೆಲ ಕಚ್ಚಿ ನಿಲ್ಲುತ್ತದೆ, ಸರಿ. ಆದರೆ ಸನ್ನೆಕೋಲು ಉದ್ದ ಆದ ಹಾಗೆ, ಅದೇ ಸ್ಪ್ರಿಂಗ್‌ಗೆ ಮೊದಲಿಗಿಂತ ಜಾಸ್ತಿ ಭಾರ ಬೀಳುತ್ತದೆ. ಅದಕ್ಕೇ ಶಾಕ್ ಕಂಪನಿಯವರು ಫಾರ್ಮ್ ಕೊಡುತ್ತಾರೆ. ಆರ್ಮ್ ಎಷ್ಟು, ಟೈರ್ ಎಷ್ಟು, ಓಡಿಸುವ ಜಾಗ ಎಂಥದ್ದು, ಸವಾರನ ತೂಕ ಎಷ್ಟು. ಅದನ್ನು ನೋಡಿಯೇ ಸ್ಪ್ರಿಂಗ್ ಆರಿಸುತ್ತಾರೆ, ಒಳಗಿನ ವಾಲ್ವಿಂಗ್, ಅಂದರೆ ಶಾಕ್ ಒಳಗೆ ಎಣ್ಣೆ ಹರಿಯುವ ರೀತಿ, ಹೊಂದಿಸುತ್ತಾರೆ.

ಆ ಫಾರ್ಮ್ ತುಂಬಿದ್ದು ನಾನೇ. ಹುಡುಗನಿಗೆ ಫೋನ್ ಮಾಡಿ ತೂಕ ಕೇಳಿದೆ. ಎಂಬತ್ತು ಅಂದ. 80 ಅಂತ ಬರೆದೆ. ಜಾಗ ಅನ್ನುವ ಕಡೆ ಮರಳುಗುಡ್ಡ ಅಂತ ಮಾತ್ರ ಹಾಕಿದೆ. ರೇಸ್ ದಾರಿಯಲ್ಲಿ ಗಟ್ಟಿ ಸಬ್ಖಾ (ಉಪ್ಪು) ನೆಲ, ಜಲ್ಲಿ ಬಯಲು, ಹುಲ್ಲಿನ ದಿಬ್ಬ ಎಲ್ಲ ಇರುತ್ತವೆ ಅಂತ ಗೊತ್ತಿದ್ದೂ ಹಾಗೆ ಮಾಡಿದೆ. ಮ್ಯಾನೇಜರ್ ಎರಡು ಸಲ ಬಂದು ಆರ್ಡರ್ ಇವತ್ತೇ ಹೋಗಬೇಕು, ಜಾಬ್ ಕಾರ್ಡ್ ಸುಮ್ನೆ ಓಪನ್ ಇದೆ ಅಂದಿದ್ದರು. ಅವರ ಅವಸರ ಅವರಿಗೆ. ಆದರೆ ಪೆನ್ನು ನನ್ನ ಕೈಯಲ್ಲಿತ್ತು ಅಲ್ವಾ.

ಆರು ವಾರಕ್ಕೆ ಪೆಟ್ಟಿಗೆ ಬಂತು. ರೇಸ್‌ಗೆ ಒಂಬತ್ತು ದಿನ ಉಳಿದಿತ್ತು. ಗುರುವಾರ ಫಿಟ್ ಮಾಡಿ, ಹುಡುಗನನ್ನು ಗೇರ್ ಹಾಕಿಸಿ ಕೂರಿಸಿ ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಎಷ್ಟು ಕುಸಿಯುತ್ತದೆ ಅಂತ ನೋಡಿದೆ. ಈ ಗಾಡಿಯ ಮುಂದಿನ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) 231 ಎಂಎಂ. ಅದರ ಮೂರರಲ್ಲಿ ಒಂದು ಪಾಲು, ಅಂದರೆ 77ರ ಹತ್ತಿರ ಕೂರಬೇಕು. 115ಕ್ಕೆ ಕೂತಿತು. ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಪ್ರಿಲೋಡ್ ರಿಂಗ್ ತಿರುಗಿಸಿದೆ. ಮತ್ತೆ ಅಳೆದೆ, ಮತ್ತೆ ತಿರುಗಿಸಿದೆ. ಥ್ರೆಡ್ ಮುಗಿಯುತ್ತಾ ಬಂದಾಗ 78 ಸಿಕ್ಕಿತು. ಸಿಕ್ಕಿತಲ್ಲ ಅಂತ ಜಾಬ್ ಕಾರ್ಡಿನಲ್ಲಿ ಬರೆದುಬಿಟ್ಟೆ.

ಹುಡುಗ ಸೀಟಿನಿಂದ ಇಳಿದ. ಮುಂಭಾಗ ಸರ್ರನೆ ಎದ್ದು 'ಟಕ್' ಅಂತ ನಿಂತಿತು.

ನಮ್ಮ ಉಸ್ತಾದ್ ಪೇಶಾವರದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಆ ಸದ್ದಿಗೆ ಆಚೆ ರಿಪೇರಿ ಬೇಯಿಂದ ತಿರುಗಿ ನೋಡಿದರು. ಬಂದು ಬಂಪರ್ ಹಿಡಿದು ಸ್ವಲ್ಪ ಮೇಲೆತ್ತಿದರು. ಎತ್ತಲು ಜಾಗವೇ ಇರಲಿಲ್ಲ, ಚಕ್ರ ಆಗಲೇ ನೆಲ ಬಿಡುತ್ತಿತ್ತು. "ಸ್ಪ್ರಿಂಗ್ ಮೆತ್ತಗಿದೆ ಬೇಟಾ" ಅಂದರು. ನಾನು ಜಾಬ್ ಕಾರ್ಡ್ ತೋರಿಸಿ, ನಂಬರ್ ಸರಿ ಇದೆ ಉಸ್ತಾದ್ ಅಂದೆ. ಅವರು ಇನ್ನೇನೂ ಹೇಳದೆ ಹೋದರು. ಖಾಲಿ ಗಾಡಿಯ ಸ್ಯಾಗ್ ಆಗ ಅಳೆದೆ: 8 ಎಂಎಂ. ಅದನ್ನು ಕಾರ್ಡಿನಲ್ಲಿ ಬರೆಯಲಿಲ್ಲ.

ಇವತ್ತಿಗೂ ಚುಚ್ಚುವುದು ಇದೇ. ಸವಾರ ಕೂತಾಗ ಅಳತೆ ಸರಿ ಬರುತ್ತದೆ, ಇಳಿದ ಕೂಡಲೇ ಗಾಡಿ ಪೂರ್ತಿ ಮೇಲೆ ಏಳುತ್ತದೆ ಅಂದರೆ, ಮೆತ್ತಗಿನ ಸ್ಪ್ರಿಂಗನ್ನು ಪ್ರಿಲೋಡ್‌ನಲ್ಲಿ ಒತ್ತಿ ಹಿಡಿದಿದ್ದೇವೆ ಅಂತ ಅರ್ಥ. ನೋಡುವವರಿಗೆ ಅದು ಗಟ್ಟಿ ಸ್ಪ್ರಿಂಗ್ ಥರ ಕಾಣುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯಲು ಟ್ರಾವೆಲ್ ಉಳಿದಿರುವುದಿಲ್ಲ. ಜೋರಾಗಿ ಬಿದ್ದಾಗ ತಡೆಯಲು ಸ್ಪ್ರಿಂಗ್‌ಗೆ ಶಕ್ತಿಯೂ ಇರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಬೇರೆಯವರ ಗಾಡಿಯಲ್ಲಿ ಆಗಿದ್ದರೆ ಒಂದೇ ನಿಮಿಷಕ್ಕೆ ಹೇಳುತ್ತಿದ್ದೆ. ನನ್ನ ಫಾರ್ಮ್ ತಪ್ಪಾಗಿರಬಹುದು ಅಂತ ಒಪ್ಪಿಕೊಳ್ಳುವುದಕ್ಕೆ ಆ ಸಂಜೆ ಮನಸ್ಸು ಬರಲಿಲ್ಲ.

ಗುಡ್ಡದ ಆಚೆ ಇಳಿದಾಗ ಹುಡುಗ ಮರಳಲ್ಲಿ ಕೂತಿದ್ದ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಹೆಲ್ಮೆಟ್ ಆಗಲೇ ತೆಗೆದಿದ್ದ, ಮಾತಾಡುತ್ತಿದ್ದ. ಅದನ್ನು ನೋಡಿ ನನಗೆ ಜೀವ ಬಂದ ಹಾಗಾಯಿತು. ಗುಡ್ಡದ ಬುಡದಲ್ಲಿ ಗಟ್ಟಿ ನೆಲ, ಅಲ್ಲಿ ಅಡ್ಡಕ್ಕೆ ಒಂದು ಹಳ್ಳ. ಚಕ್ರ ಹಳ್ಳಕ್ಕೆ ಇಳಿಯಲೇ ಇಲ್ಲ, ಆ ಕಡೆ ದಂಡೆಗೆ ನೇರ ಹೊಡೆಯಿತು, ಹ್ಯಾಂಡಲ್ ತಿರುಚಿತು ಅಂದ. ಶಾಕ್ ರಾಡ್‌ಗೆ ಎಷ್ಟು ಒಳಗೆ ಹೋಗುತ್ತದೆ ಅಂತ ನೋಡಲು ನಾನು ಕಟ್ಟಿದ್ದ ಜಿಪ್ ಟೈ ತುದಿಯ ಬಂಪ್ ಸ್ಟಾಪ್ ರಬ್ಬರಿಗೆ ಅಂಟಿಕೊಂಡು ನಿಂತಿತ್ತು, ಅಂದರೆ ಶಾಕ್ ಪೂರ್ತಿ ಕುಸಿದಿತ್ತು. ಎರಡೂ ಕಡೆ.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಆದರೆ ಮೂರು ವಾರ ಹ್ಯಾಂಡಲ್ ಮುಟ್ಟಬಾರದು ಅಂದರು ಡಾಕ್ಟರ್. ರೇಸ್ ಎಂಟೇ ದಿನಕ್ಕೆ ಇತ್ತು. ಅವನು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ.

ಮಾರನೇ ದಿನ ಅವನ ಗೇರ್ ಪೂರ್ತಿ ತೂಗಿದೆ. ಹೆಲ್ಮೆಟ್, ಬೂಟು, ಎದೆಯ ಆರ್ಮರ್, ನೆಕ್ ಬ್ರೇಸ್, ಮೂರು ಲೀಟರ್ ನೀರಿನ ಚೀಲ, ಸೊಂಟದ ಟೂಲ್ ಬ್ಯಾಗ್: 15 ಕೆಜಿ. ಅವನನ್ನು ನಿಲ್ಲಿಸಿ ನೋಡಿದರೆ 84. ಒಟ್ಟು 99. ನಾನು ಬರೆದದ್ದು 80.

ಎಲ್ಲ ಹೇಳಿ ಶಾಕ್ ಕಂಪನಿಗೆ ಬರೆದೆ. ಶಾಕ್ ಬದಲಿಸುವುದು ಬೇಡ, ಗಟ್ಟಿ ಸ್ಪ್ರಿಂಗ್ ಸೆಟ್ ಹಾಕಿ, ವಾಲ್ವಿಂಗ್ ಬೇರೆ ಮಾಡಿಸಿ ಅಂದರು. ಹೊಸ ಶಾಕ್ ರೇಟಿನ ಮುಂದೆ ಆ ಖರ್ಚು ಏನೂ ಅಲ್ಲ. ತೂಕದ ಮೆಷಿನ್‌ಗೆ ಪೆಟ್ಟಿ ಕ್ಯಾಶ್‌ನಲ್ಲಿ ಕೇಳಿದೆ, ಮ್ಯಾನೇಜರ್ ವೋಚರ್ ಪಾಸ್ ಮಾಡಲಿಲ್ಲ. ಅರವತ್ತು ದಿರ್ಹಮ್‌ಗೂ ಮೂರು ಸಹಿ ಬೇಕಂತೆ. ನಾನೇ ದುಡ್ಡು ಕೊಟ್ಟು ತಂದೆ. ಈಗ ಅದು ಕೌಂಟರ್ ಪಕ್ಕದಲ್ಲೇ ಇದೆ. ಶಾಕ್ ಬೇಕು ಅಂತ ಯಾರೇ ಬಂದರೂ ಗೇರ್ ಹಾಕಿಕೊಂಡೇ ಅದರ ಮೇಲೆ ಹತ್ತಬೇಕು. ಅದಕ್ಕೂ ಮೊದಲು ಹಳೇ ಶಾಕ್‌ನಲ್ಲೇ ಸ್ಯಾಗ್ ಅಳೆಯುತ್ತೇನೆ, ಹಿಂದಿನ ಶಾಕ್ ಜೋಡಿಸುವ ಲಿಂಕೇಜ್‌ನ ಬೇರಿಂಗ್ ಬಿಚ್ಚಿ ನೋಡುತ್ತೇನೆ. ಮರಳು ತುಂಬಿ ಗ್ರೀಸ್ ಒಣಗಿದ ಲಿಂಕೇಜ್ ಇಟ್ಟುಕೊಂಡು, ಶಾಕ್ ಗಟ್ಟಿಯಾಗಿದೆ ಅಂತ ಬಂದವರು ಈ ವರ್ಷವೇ ಇಬ್ಬರು. ಇಬ್ಬರನ್ನೂ ಗ್ರೀಸ್ ಹಾಕಿ ಕಳಿಸಿದೆ. ಸೇಲ್ಸ್ ಹೋಯಿತು ಅಂತ ಮ್ಯಾನೇಜರ್ ಮುಖ ಊದಿಸಿಕೊಂಡರು.

ಫೆಬ್ರವರಿಯಲ್ಲಿ ಆ ಹುಡುಗ ಮತ್ತೆ ಬಂದ. ಹೊಸ ಸ್ಪ್ರಿಂಗ್ ಹಾಕಿ, ಪ್ರಿಲೋಡ್ ರಿಂಗನ್ನು ಥ್ರೆಡ್ಡಿನ ಮೇಲ್ಭಾಗದಲ್ಲೇ ಬಿಟ್ಟಿದ್ದೆ. ಕೂತ. 78. ಉಸ್ತಾದ್ ಚಹಾ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಇಳಿ ಅಂದೆ. ಮುಂಭಾಗ ನಿಧಾನಕ್ಕೆ ಎದ್ದು ಅರ್ಧದಲ್ಲಿ ನಿಂತಿತು, ಸದ್ದೇ ಇಲ್ಲ. ಕಾಸರಗೋಡಿನ ಹುಡುಗ ಟೇಪ್ ಹಿಡಿದು "ನಲವತ್ತೈದು ಅಣ್ಣ" ಅಂದ. ಉಸ್ತಾದ್ ಬಂಪರ್ ಹಿಡಿದು ಒಮ್ಮೆ ಮೇಲೆತ್ತಿ ನೋಡಿ, ಚಹಾ ಮುಗಿಸಿ ತಮ್ಮ ಬೇಗೆ ಹೋದರು. ಈ ಸಲ ಎರಡೂ ನಂಬರ್ ಕಾರ್ಡಿನಲ್ಲಿ ಬರೆದೆ.