ಚೊಂಗ್ಯಾದ ಬುತ್ತಿ

6 ಜುಲೈ 2025, ಭಾನುವಾರ ರಾತ್ರಿ, ಮುದಗಲ್

ಅಲಾಯಿ ಹಬ್ಬದ (ಮೊಹರಂ) ದಫನ್, ಅಂದ್ರ ದೇವ್ರ ಕಳಿಸೋದು, ಮುಗೀತು. ಹಲಗಿ ಸಪ್ಪಳ ಇನ್ನೂ ಕಿವ್ಯಾಗ ಐತಿ, ನಿದ್ದಿ ಬರವಲ್ದು, ಅದಕ್ಕ ಇಲ್ಲೇ ನನ್ನ ಗೆಳತಿ ಮನಿ ಪಡಸಾಲ್ಯಾಗ ಕುಂತು ಬರೀತಿದೀನಿ.

ಅಕಿ ಊರು ಮುದಗಲ್, ನಂದು ಕುಷ್ಟಗಿ ತಾಲೂಕು, ಜಿಲ್ಲಾ ಬ್ಯಾರೆ ಅನ್ನೋದು ಬಿಟ್ರ ಒಂದು ಬಸ್ಸಿನ ದಾರಿ, ಆದ್ರೂ ನಾವಿಬ್ರು ಗುರುತಾಗಾಕ 2019ರಾಗ ಗುಳೆ ಹೋಗಿ ಬೆಂಗಳೂರಿನ ತಗಡಿನ ಶೆಡ್ಡಿನ್ಯಾಗ ಬಾಜೂಕ ಬಾಜೂಕ ಇರಬೇಕಾತು. ಆಗ ನನ್ನ ಮಗ ನಾಲ್ಕು ತಿಂಗಳ ಕೂಸು. ಸೆಂಟ್ರಿಂಗ್ ಕಂಬಕ್ಕ ಅಕಿದೇ ಒಂದು ಹಳೇ ಸೀರಿ ಕಟ್ಟಿ ಜೋಳಿಗಿ ಮಾಡಿದ್ವಿ, ನಾನು ಇಟ್ಟಂಗಿ ಹೊರೂಮುಂದ ಅಕಿ ತೂಗೋದು, ಅಕಿ ಮಾಲು ಹೊರೂಮುಂದ ನಾನು. ಮೇಸ್ತ್ರಿ ಬೈತಿದ್ದ, ಬೈಸ್ಕೊಂಡ್ವಿ.

ಲಾಕ್‌ಡೌನ್ ಆದಾಗ ಮೇಸ್ತ್ರಿ ಫೋನ್ ಸ್ವಿಚ್ ಆಫ್, ಐದು ವಾರದ ಪಗಾರ ಹೋತು. ಕೂಸಿಗೆ ಜ್ವರ, ಸುತ್ತಮುತ್ತ ದವಾಖಾನಿ ಎಲ್ಲಾ ಬಂದ್, ಇಡೀ ರಾತ್ರಿ ಅಕಿ ಅದರ ಹಣಿ ಮ್ಯಾಲೆ ಒದ್ದಿ ಅರಬಿ ಇಡಕೋಂತ ಕುಂತಿದ್ಲು, ಆವಾಗ ಮುದಗಲ್ಲಿನ ಅಲಾಯಿ ದೇವ್ರಿಗೆ ಹರಕಿ ಹೊತ್ತಿದ್ದು ಅಕಿನೇ, ನಾನಲ್ಲ. ಹುಸೇನಿ ಆಲಂ, ಇವನು ಚಲೋ ಆದ್ರ ಐದು ವರ್ಷ ಹಬ್ಬಕ್ಕ ಲಾಡಿ (ಹರಕಿ ದಾರ) ಹಾಕಿ ಫಕೀರ ಮಾಡ್ತೀವಿ ಅಂತ. 2020ರ ಮೇ ತಿಂಗಳ ಮೊದಲ ವಾರ ಸರ್ಕಾರ ಬಸ್ ಫ್ರೀ ಬಿಟ್ಟಾಗ ಮೆಜೆಸ್ಟಿಕ್‌ನ್ಯಾಗ ಬೆಳಿಗ್ಗಿಂದ ಸಂಜಿತನ ನಿಂತು ಒಂದೇ ಬಸ್ಸಿಗೆ ಬಂದ್ವಿ, ಕೂಸು ಅಕಿ ತೊಡಿ ಮ್ಯಾಲೆ.

2022ರಿಂದ ಹರಕಿ ಶುರು ಮಾಡಿದ್ವಿ, ಇದು ನಾಲ್ಕನೇದು. ಮೊದ್ಲು ಬರಾಕ ಬಸ್ ಚಾರ್ಜಿಗೆ ಹಿಂದಮುಂದ ನೋಡಬೇಕಿತ್ತು, 2023ರ ಜೂನ್‌ನ್ಯಾಗ ಶಕ್ತಿ ಯೋಜನೆ ಬಂದ ಮ್ಯಾಲೆ ಆಧಾರ್ ಕಾರ್ಡ್ ತೋರ್ಸಿ ಬಂದುಬಿಡ್ತೀನಿ.

ನಿನ್ನಿ ಮಧ್ಯಾಹ್ನ ಇಬ್ರೂ ಕೂಡಿ ಹಬ್ಬದ ಸಿಹಿ ತಿನಿಸು ಚೊಂಗ್ಯಾ ಮಾಡಿದ್ವಿ. ಗೋದಿ ಹಿಟ್ಟಿನ ಉಂಡಿನ ಗೆರಿ ಕೊರೆದ ಕಟ್ಟಿಗಿ ಮಣಿ ಮ್ಯಾಲೆ ಅಂಗೈಯಿಂದ ಒತ್ತಬೇಕು, ಜೋರ್ ಆದ್ರ ಹರೀತೈತಿ, ಸಡ್ಲಾದ್ರ ಗೆರಿ ಮೂಡಂಗಿಲ್ಲ. ನಂದು ಇನ್ನೂ ಹರೀತಾವ. ಅಕಿ ಅಂಗೈ ನೋಡಿದ್ನಿ, ಸಿಮೆಂಟ್ ತಿಂದು ಸೀಳಿದ ಗೆರಿ ಹಂಗೇ ಅದಾವ, ಅದರಾಗ ಬೆಲ್ಲ ಹೊಕ್ಕು ಕೆಂಪಗ ಕಾಣ್ತಿದ್ವು. ಮಗ ಕೊಳ್ಳಾಗ ಲಾಡಿ ಹಾಕ್ಕೊಂಡು ಓಡಿ ಬಂದು ಅಕಿಗೆ ಅವ್ವ ಅಂದ, ನನಗೂ ಅವ್ವ ಅಂದ, ಯಾರ್ನ ಕರದ ಅಂತ ಇಬ್ರೂ ಒಮ್ಮೆಲೇ ತಿರುಗಿದ್ವಿ.

ಗುಳೆ ಹೋದೋರು ದೀಪಾವಳಿಗೆ ಬರದಿದ್ರೂ ಅಲಾಯಿ ಹಬ್ಬಕ್ಕ ಬಂದೇ ಬರ್ತಾರ, ಇದು ನಮ್ಮ ಕಡೆ ಹಿಂದಿನಿಂದ ಹಂಗೇ. ಈ ಸಲ ಓಣಿ ತುಂಬ ಬೆಂಗಳೂರಿಂದ, ಪುಣೆಯಿಂದ, ಗೋವಾದಿಂದ ಬಂದ ಮಂದಿ, ಒಬ್ಬೊಬ್ರೂ ಶೆಡ್ಡಿನ ಬಾಜೂದೋರ್ನ ಕರ್ಕೊಂಡ್ ಬಂದಾರ.

ಮಂಗಳವಾರ ಅಕಿ ಮತ್ತ ಬೆಂಗಳೂರಿಗೆ. ನಾನು ಈ ವರ್ಷ ಹೋಗಂಗಿಲ್ಲ, ಮಗನ ಸಾಲಿ ಐತಿ, ನರೇಗಾದಾಗ ದಿನಕ್ಕ 370 ರೂಪಾಯಿ ಕೊಡ್ತಾರ, ಕೆಲಸ ಸಿಕ್ಕಷ್ಟು ದಿನ ಮಾಡ್ತೀನಿ. ಇದನ್ನ ಅಕಿಗೆ ಹೇಳಾಕ ಎರಡು ದಿನ ಬೇಕಾತು ನನಗ. ಸಂಜಿ ಮುಂದ ಹೇಳಿದ್ನಿ. ಏನೂ ಅನ್ನಲಿಲ್ಲ, ಎದ್ದು ಹೋಗಿ ಹರಿಯದ ಚೊಂಗ್ಯಾ ಆರಿಸಿ ಆರಿಸಿ ನನ್ನ ಬುತ್ತಿಗೆ ಕಟ್ಟಿದ್ಲು, ಹರಿದಿದ್ದು ತನ್ನ ಬೆಂಗಳೂರು ಚೀಲಕ್ಕ ಹಾಕ್ಕೊಂಡ್ಲು.